ಭುಜದ ಲೇಬ್ರಮ್ ಹರಿದಿದೆ ಎಂಬ ವರದಿಯನ್ನು ಅರ್ಥಮಾಡಿಕೊಳ್ಳುವ ಬಗೆ

ಎಂಆರ್‌ಐ ವರದಿಯಲ್ಲಿ ‘ಲೇಬ್ರಲ್ ಟೇರ್’ ಎಂಬ ಮಾತನ್ನು ಕಂಡೊಡನೆ ಶಸ್ತ್ರಚಿಕಿತ್ಸೆ ಅನಿವಾರ್ಯವೆಂದು ಭಾವಿಸುವವರು ಬಹಳ ಮಂದಿ. ಆದರೆ ಎಲ್ಲಿ ಹರಿದಿದೆ, ಹೇಗೆ ಹರಿಯಿತು, ರೋಗಿಯ ವಯಸ್ಸೆಷ್ಟು ಎಂಬುದನ್ನು ತಿಳಿಯದೆ ಆ ಮಾತಿನಿಂದ ಏನನ್ನೂ ನಿರ್ಧರಿಸಲಾಗದು.

ತೋಳಿನ ಮೂಳೆಯ ದುಂಡನೆಯ ತಲೆ ಕೂರುವ ಗುಳಿ ತೀರ ಆಳವಿಲ್ಲದ್ದು. ಊಟದ ತಟ್ಟೆಗೆ ಅಂಚಿರುವಂತೆ ಆ ಗುಳಿಯ ಸುತ್ತ ನಾರುನಾರಾದ ಮೃದ್ವಸ್ಥಿಯ ಬಳೆಯೊಂದಿದೆ, ಅದೇ ಲೇಬ್ರಮ್. ಅದು ಗುಳಿಯ ಆಳವನ್ನು ಹೆಚ್ಚಿಸುತ್ತದೆ, ಕೀಲನ್ನು ಬಿಗಿದಿಡುವ ಅಸ್ಥಿರಜ್ಜುಗಳಿಗೆ ನೆಲೆಯಾಗುತ್ತದೆ, ಅದರ ಮೇಲ್ಭಾಗಕ್ಕೆ ಬೈಸೆಪ್ಸ್ ಸ್ನಾಯುವಿನ ಉದ್ದನೆಯ ರಜ್ಜು ಬಂದು ಸೇರುತ್ತದೆ.

ಮುಂಭಾಗದ ಕೆಳಗೆ ಹರಿದಿದ್ದರೆ ಅದನ್ನು ಬ್ಯಾಂಕಾರ್ಟ್ ಗಾಯವೆನ್ನುತ್ತಾರೆ. ಬ್ರಿಟಿಷ್ ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲಿ ಇದನ್ನು ವಿವರಿಸಿದರು. ಕಬಡ್ಡಿಯಲ್ಲೋ ಬೈಕಿನಿಂದ ಬಿದ್ದೋ ಭುಜ ಮುಂದಕ್ಕೆ ಜಾರಿದಾಗ ಆಗುವ ಗಾಯವಿದು. ಹರೆಯದಲ್ಲಿ ಒಮ್ಮೆ ಜಾರಿದ ಭುಜ ಮತ್ತೆ ಜಾರುವ ಸಂಭವ ಹೆಚ್ಚಾದ್ದರಿಂದ ಇಂಥವರು ಮೂಳೆ ತಜ್ಞರನ್ನು ಬೇಗ ಕಾಣಬೇಕು. ಜಾರಿದ ಭುಜವನ್ನು ಮನೆಯಲ್ಲೋ ಮೈದಾನದಲ್ಲೋ ಎಳೆದು ಕೂರಿಸಲು ಯಾರಿಗೂ ಬಿಡಬಾರದು, ನರಕ್ಕೂ ಮೂಳೆಗೂ ಪೆಟ್ಟಾದೀತು.

ಮೇಲ್ಭಾಗದಲ್ಲಿ, ಬೈಸೆಪ್ಸ್ ರಜ್ಜು ಸೇರುವಲ್ಲಿ ಹರಿದಿದ್ದರೆ ವರದಿಯಲ್ಲಿ ‘ಸ್ಲ್ಯಾಪ್’ ಎಂದಿರುತ್ತದೆ. ಚಾಚಿದ ಕೈಯ ಮೇಲೆ ಬಿದ್ದಾಗ, ಭಾರವನ್ನು ಥಟ್ಟನೆ ಎಳೆದಾಗ, ಅಥವಾ ಚೆಂಡನ್ನು ವರ್ಷಗಟ್ಟಲೆ ತಲೆಯ ಮೇಲಿಂದ ಎಸೆದಾಗ ಇದು ಉಂಟಾಗುತ್ತದೆ. ಭುಜದ ಆಳದಲ್ಲಿ ನೋವು, ಕೈಯೆತ್ತಿದಾಗ ಲಟಕ್ಕೆಂಬ ಸದ್ದು, ಕೀಲು ಸಿಕ್ಕಿಕೊಂಡಂಥ ಅನುಭವ ಇದರ ಲಕ್ಷಣಗಳು; ಆದರೆ ಇವು ಬೇರೆ ತೊಂದರೆಗಳಲ್ಲೂ ಕಾಣುವುದರಿಂದ ಇವಷ್ಟರಿಂದಲೇ ರೋಗವನ್ನು ಗುರುತಿಸಲಾಗದು. ಹಿಂಭಾಗದಲ್ಲಿ ಹರಿಯುವುದು ಅಪರೂಪ; ಬೆಂಚ್ ಪ್ರೆಸ್ (ಅಂಗಾತ ಮಲಗಿ ಭಾರ ಎತ್ತುವ ವ್ಯಾಯಾಮ) ಮಾಡುವವರಲ್ಲಿ ಕಾಣಬಹುದು.

ಎಕ್ಸ್‌ರೇಯಲ್ಲಿ ಲೇಬ್ರಮ್ ಕಾಣುವುದಿಲ್ಲ. ಕೀಲಿನೊಳಗೆ ಕಾಂಟ್ರಾಸ್ಟ್ ದ್ರವವನ್ನು (ಚಿತ್ರದಲ್ಲಿ ಎದ್ದು ಕಾಣುವ ದ್ರವ) ಹಾಕಿ ತೆಗೆಯುವ ಎಂಆರ್‌ಐ ಸಾಮಾನ್ಯ ಎಂಆರ್‌ಐಗಿಂತ ಸ್ಪಷ್ಟ. ಆದರೂ ಹುಟ್ಟಿನಿಂದಲೇ ಇರುವ ಸಹಜ ಸಂದು ಚಿತ್ರದಲ್ಲಿ ಹರಿದಂತೆ ತೋರಬಹುದು, ಮತ್ತು ನಡುವಯಸ್ಸು ದಾಟಿದ, ಯಾವ ನೋವೂ ಇಲ್ಲದವರಲ್ಲೂ ಮೇಲ್ಭಾಗ ಹರಿದಿರುವುದು ಸಾಮಾನ್ಯ. ಹೀಗಾಗಿ ತಜ್ಞರು ಕೈಯಿಂದ ಪರೀಕ್ಷಿಸಿ ನೋವಿಗೂ ಚಿತ್ರಕ್ಕೂ ತಾಳೆ ನೋಡಿದ್ದಾರೆಯೇ ಎಂದು ಕೇಳುವುದು ಅಗತ್ಯ. ವರದಿಯನ್ನಷ್ಟೇ ನೋಡಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದೇ ಒಳಿತು.

ಭುಜ ಪದೇಪದೇ ಜಾರದಿದ್ದರೆ ಮೊದಲ ಚಿಕಿತ್ಸೆ ಫಿಸಿಯೋಥೆರಪಿ. ತೋಳನ್ನು ತಿರುಗಿಸುವ ಆವರ್ತಕ ಸ್ನಾಯುಗಳನ್ನೂ (ರೊಟೇಟರ್ ಕಫ್) ಹೆಗಲ ಹಲಗೆಯನ್ನು ಹಿಡಿದಿಡುವ ಸ್ನಾಯುಗಳನ್ನೂ ಬಲಪಡಿಸುವ ವ್ಯಾಯಾಮವನ್ನು ಕೆಲವು ವಾರಗಳಿಂದ ಮೂರು ತಿಂಗಳವರೆಗೆ ನಿಷ್ಠೆಯಿಂದ ಮಾಡಿದ ಮೇಲೆಯೇ ಮುಂದಿನ ಮಾತು. 118 ಸ್ಲ್ಯಾಪ್ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ ಲೇಬ್ರಮ್ ಹೊಲಿಸಿಕೊಂಡ ರೋಗಿಗಳಿಗೂ, ಬೈಸೆಪ್ಸ್ ರಜ್ಜುವಿನ ನೆಲೆ ಬದಲಿಸಿಕೊಂಡವರಿಗೂ, ತೋರಿಕೆಯ ಶಸ್ತ್ರಚಿಕಿತ್ಸೆಗಷ್ಟೇ ಒಳಗಾದವರಿಗೂ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಜಾರುವ ಭುಜಕ್ಕೆ ಈ ಮಾತು ಅನ್ವಯಿಸದು.

ಶಸ್ತ್ರಚಿಕಿತ್ಸೆ ಬೇಕಾದಾಗ ಸಾಮಾನ್ಯವಾಗಿ ಕೀಲುದರ್ಶಕದ (ಕೀಲಿನೊಳಗೆ ತೂರಿಸುವ ಸಣ್ಣ ಕ್ಯಾಮೆರಾ) ಮೂಲಕ, ಸಣ್ಣ ರಂಧ್ರಗಳಿಂದ, ಲೇಬ್ರಮನ್ನು ಮೂಳೆಗೆ ಹೊಲಿಯುತ್ತಾರೆ. ಬಳಿಕ ಸುಮಾರು ನಾಲ್ಕರಿಂದ ಆರು ವಾರ ಕೈಯನ್ನು ಜೋಳಿಗೆ ಪಟ್ಟಿಯಲ್ಲಿ ಇಡಬೇಕಾಗುತ್ತದೆ. ಆಟಕ್ಕೆ ಮರಳಲು ಹಲವು ತಿಂಗಳುಗಳೇ ಬೇಕು, ಚೆಂಡೆಸೆಯುವವರಿಗೆ ಇನ್ನೂ ಹೆಚ್ಚು. ಕೀಲು ಬಿಗಿಯುವ ಅಪಾಯವಿರುವುದರಿಂದ ಈ ಅವಧಿಯ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿದಷ್ಟೇ, ಹೇಳಿದಾಗಲೇ ಮಾಡಬೇಕು.