ಅಟ್ಟದಲ್ಲಿ ಸಿಕ್ಕಿದ ಹಳೆ ಕತ್ತಿಯನ್ನು ಉಜ್ಜುವ ಮೊದ್ಲು ಇದನ್ನೊಮ್ಮೆ ಓದಿ

ಏಪ್ರಿಲ್ ಮೇ ಬಂತು ಅಂದ್ರೆ ನಮ್ಮ ಕಾಸರಗೋಡು ಕಡೆ ಹಳೆ ಮನೆ ಬಿಚ್ಚುವ ಕೆಲಸ ಶುರು, ಹಂಚು ಇಳಿಸ್ತಾರೆ, ಅಟ್ಟ ಖಾಲಿ ಮಾಡ್ತಾರೆ, ಆಗ ಬದಿಯಡ್ಕದಿಂದಲೋ ಮುಳ್ಳೇರಿಯಾದಿಂದಲೋ ನನಗೊಂದು ವಾಟ್ಸಾಪ್ ಫೋಟೋ ಬರ್ತದೆ, ಹಳೆ ಕತ್ತಿ ಸಿಕ್ಕಿತು, ಮ್ಯೂಸಿಯಮ್ಮಿಗೆ ಆಗ್ತದಾ ಅಂತ. ಫೋಟೋದಲ್ಲಿ ಕತ್ತಿ ಫಳಫಳ ಹೊಳೀತಾ ಇರ್ತದೆ. ಹೊಟ್ಟೆ ಉರಿಯುವುದು ಅಲ್ಲೇ, ಯಾಕಂದ್ರೆ ಕೇಳುವ ಮೊದ್ಲೇ ಉಜ್ಜಿ ಆಗಿರ್ತದೆ.

ಇದನ್ನು ನಾನೂ ಮಾಡಿದವನೇ. ಊರಿನ ಇತಿಹಾಸದ ವಸ್ತು ಇಟ್ಟ ಒಂದು ಕೋಣೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಉದ್ದದ ಕತ್ತಿಗೆ ಮರಳುಕಾಗದ ಹಾಕಿ ಉಜ್ಜಿದೆ, ಹಿಡಿಯ ಹತ್ತಿರ ಉಳಿಯಲ್ಲಿ ಕೆತ್ತಿದ ಮೂರು ಅಕ್ಷರ ಇತ್ತು, ಉಜ್ಜಿ ಮುಗಿಯುವಾಗ ಒಂದು 'ಕ' ಮಾತ್ರ ಉಳಿದಿತ್ತು. ಮಾಡಿದ ಆಚಾರಿಯ ಗುರುತೋ ಮನೆಯ ಗುರುತೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆ ಬೇಜಾರು ಈಗಲೂ ಉಂಟು, ಅದಕ್ಕೇ ಇಷ್ಟು ಬರೀತಿದ್ದೇನೆ.

ಮೊದ್ಲು ಕೋವಿಯ ವಿಷಯ, ಅದು ಜೀವದ ಪ್ರಶ್ನೆ. ಕೇಪಿನ ಕೋವಿ, ಅಂದ್ರೆ ಬಾಯಿಯಿಂದ ಮದ್ದು ತುಂಬಿ ಕೇಪು ಇಟ್ಟು ಹಾರಿಸುವ ಹಳೆ ಕೋವಿ, ಸಿಕ್ಕಿದ್ರೆ ಅದರಲ್ಲಿ ಈಡು ತುಂಬಿಯೇ ಉಂಟು ಅಂತಲೇ ತಿಳ್ಕೊಳ್ಳಿ, ನಳಿಗೆಯೊಳಗೆ ನೀರು ಹೋಗದಿದ್ರೆ ಕರಿಮದ್ದು ಎಷ್ಟು ವರ್ಷ ಆದ್ರೂ ಕೆಡುವುದಿಲ್ಲ. ಕುದುರೆ (ಕೋವಿ ಹಾರಿಸುವ ಕೀಲು) ಎಳೆದು ನೋಡುವುದು, ಬಾಯಿಗೆ ಕಣ್ಣಿಟ್ಟು ನೋಡುವುದು, ಒಳಗೆ ಕೋಲು ಹಾಕಿ ಕುಟ್ಟುವುದು, ಬಿಸಿಲಲ್ಲಿ ಇಡುವುದು, ಯಾವುದೂ ಬೇಡ. ಬಾಯಿ ಜನ ಇಲ್ಲದ ದಿಕ್ಕಿಗೆ ಇರಲಿ, ಮಕ್ಕಳನ್ನು ದೂರ ಕಳಿಸಿ, ಸ್ಟೇಷನ್ನಿಗೆ ತಿಳಿಸಿ. 1959ರ ಆರ್ಮ್ಸ್ ಆಕ್ಟಲ್ಲಿ ರಿಪೇರಿ ಮಾಡಿದ್ರೂ ಹಾರಿಸಲು ಆಗದ ಪುರಾತನ ಕೋವಿಗೆ ವಿನಾಯ್ತಿ ಉಂಟು ಹೌದು, ಆದ್ರೆ ಅದು ಹಾರ್ತದಾ ಇಲ್ವಾ ಅಂತ ತೀರ್ಮಾನ ಮಾಡುವುದು ನಾವಲ್ಲ. ಕೊಡಗಿನವರಿಗೆ ಲೈಸೆನ್ಸಿನ ವಿನಾಯ್ತಿ ಉಂಟಲ್ಲಾ ಅಂತ ಕೆಲವರು ಕೇಳ್ತಾರೆ, ಆ ವಿನಾಯ್ತಿ ಕೊಡವರಿಗೆ ಮತ್ತೆ ಜಮ್ಮಾ ಭೂಮಿಯವರಿಗೆ (ಕೊಡಗಿನ ಹಳೆ ವಂಶಪಾರಂಪರ್ಯದ ಹಿಡುವಳಿ), ನಮಗಲ್ಲ.

ಕತ್ತಿ, ಈಟಿ, ಸುರಿಗೆ ಆದ್ರೆ ಕೈಗೆ ಬಟ್ಟೆ ತಗೊಳ್ಳುವ ಮೊದ್ಲು ಬರೆಯುವ ಪುಸ್ತಕ ತಗೊಳ್ಳಿ. ಎಲ್ಲಿ ಸಿಕ್ಕಿತು, ಅಟ್ಟದಲ್ಲೋ ಭತ್ತ ತುಂಬುವ ಪತ್ತಾಯದ ಹಿಂದೆಯೋ, ಯಾವ ಬಟ್ಟೆಯಲ್ಲಿ ಸುತ್ತಿತ್ತು, ಎಲ್ಲಾ ಬರೀರಿ, ಆ ಬಟ್ಟೆಯನ್ನೂ ಬಿಸಾಡಬೇಡಿ. ಒಟ್ಟು ಉದ್ದ, ಅಲಗಿನ ಉದ್ದ, ಹಿಡಿ ಹತ್ತಿರದ ಅಗಲ, ಬೆನ್ನಿನ ದಪ್ಪ, ತೂಕ. ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಮೈಯ ಫೋಟೋ, ಆಮೇಲೆ ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಮೇಲಿಂದ ಹಿಡಿಯದೆ ಅಲಗಿನ ಮಟ್ಟಕ್ಕೆ ಮಲಗಿಸಿ ಹಿಡೀರಿ, ಬೆಳಕು ಅಡ್ಡ ಹೋಗುವಾಗ ತುಕ್ಕಿನ ಅಡಿಯಲ್ಲಿದ್ದ ಗೆರೆ, ಅಕ್ಷರ, ಸುತ್ತಿಗೆ ಪೆಟ್ಟಿನ ತಗ್ಗು ನೆರಳಾಗಿ ಎದ್ದು ಬರ್ತದೆ. ಕುಲುಮೆಯಲ್ಲಿ ಕೈಯಿಂದ ಬಡಿದ ಅಲಗು ಒಂದೇ ದಪ್ಪ ಇರುವುದಿಲ್ಲ, ಬೆರಳಲ್ಲಿ ಹಿಡ್ಕೊಂಡು ಬಂದ್ರೆ ಏರುತಗ್ಗು ಸಿಕ್ತದೆ. ಕರೆಂಟ್ ವೆಲ್ಡಿಂಗಿನ ಗಂಟು ಕಂಡ್ರೆ ಅದು ಆಮೇಲೆ ಆದ ರಿಪೇರಿ, ಅದನ್ನೂ ಬರೀರಿ.

ಮನೆಯ ಹಿರಿಯರು ಅದನ್ನು ಎಂಥ ಹೇಳಿ ಕರೀತಾರೋ ಅದೇ ಶಬ್ದ ಲೇಬಲ್ಲಲ್ಲಿ ಬರಬೇಕು. ನಮ್ಮಲ್ಲಿ ಕನ್ನಡದಲ್ಲಿ ಕತ್ತಿ ಅಂದ್ರೆ ಸೊಪ್ಪು ಕಡಿಯುವುದೂ ಕತ್ತಿಯೇ, ತುಳುವಿನಲ್ಲಿ ಕೋಲದ ಭೂತದ ಕೈಯದ್ದು ಕಡ್ಸಲೆ, ಮಲಯಾಳದಲ್ಲಿ ವಾಳ್. ಮೂರು ಭಾಷೆಯ ಮನೆಯಾದ್ರೆ ಮೂರೂ ಬರೀರಿ. ಅಜ್ಜಿ ಕಣ್ಣಾರೆ ಕಂಡದ್ದು ಬೇರೆ, ಅವರ ಅತ್ತೆ ಹೇಳಿ ಕೇಳಿದ್ದು ಬೇರೆ, ಎರಡನ್ನು ಬೇರೆಬೇರೆ ಬರೀರಿ. ಮತ್ತೆ ದಯವಿಟ್ಟು ಸಿಕ್ಕಿದ್ದಕ್ಕೆಲ್ಲಾ ಟಿಪ್ಪು ಕಾಲದ್ದು ಅಂತ ಹಾಕಬೇಡಿ. ಬೇಕಲ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, ಆಮೇಲೆ ಹೈದರ್, ಟಿಪ್ಪು, 1799ರ ನಂತರ ಈಸ್ಟ್ ಇಂಡಿಯಾ ಕಂಪೆನಿ, ಅಷ್ಟು ಜನರ ಸೈನ್ಯ ಓಡಾಡಿದ ಊರಿದು, ಅದರ ಮೇಲೆ ಊರಿನ ಆಚಾರಿಗಳು ಹಂದಿ ಓಡಿಸಲು, ಮನೆ ಕಾಯಲು ಮಾಡಿಕೊಟ್ಟದ್ದು ಬೇರೆ. ಇಂಥ ಮನೆಯಲ್ಲಿ ಸಿಕ್ಕಿತು ಅಂತ ಬರೆದ್ರೆ ಅದೇ ದೊಡ್ಡ ಮಾಹಿತಿ.

ದೈವಸ್ಥಾನದ ಆಯುಧ ಆದ್ರೆ ಮುಟ್ಟುವುದೇ ಬೇಡ. ಕುಟುಂಬದವರು ಒಪ್ಪಿದ್ರೆ ದೂರದಿಂದ ಫೋಟೋ, ಇಲ್ಲಾಂದ್ರೆ ಅದೂ ಇಲ್ಲ.

ಈಗ ಕ್ಲೀನಿಂಗ್. ಹುಣಸೆಹುಳಿ, ಲಿಂಬೆ, ಬೂದಿ, ಮರಳುಕಾಗದ, ಗ್ರೈಂಡರ್ ಚಕ್ರ, ಇವು ಐದೂ ಹತ್ತಿರ ಬರಬಾರದು. ನೀರೂ ಬೇಡ, ಬಿಸಿಯೂ ಬೇಡ, ಎಷ್ಟೋ ಹಳೆ ಕತ್ತಿಯ ಹಿಡಿ ಒಳಗೆ ಅರಗು ಹಾಕಿ ಕೂರಿಸಿರ್ತಾರೆ, ಬಿಸಿಗೆ ಅರಗು ಕರಗಿ ಹಿಡಿ ಕಳಚಿ ಬರ್ತದೆ. ಬೆವರಿನ ಉಪ್ಪಿಗೆ ಬೆರಳ ಗುರುತೇ ತುಕ್ಕಾಗಿ ಏಳ್ತದೆ, ಹಾಗಾಗಿ ಗ್ಲೌಸ್ ಹಾಕಿ. ಕಪ್ಪು ಕಂದು ಬಣ್ಣದ ಗಟ್ಟಿ ಪದರ ಇರಲಿ, ಅದು ಕಬ್ಬಿಣವನ್ನು ಕಾಯ್ತದೆ. ಕೇಡು ಇರುವುದು ಕಿತ್ತಳೆ ಬಣ್ಣದ ಹುಡಿಯಲ್ಲಿ. ಕತ್ತಿಯನ್ನು ಬಿಳಿ ಕಾಗದದ ಮೇಲೆ ಒಂದು ವಾರ ಇಟ್ಟು ನೋಡಿ, ಕಾಗದದಲ್ಲಿ ಹೊಸ ಹುಡಿ ಬಿದ್ದಿದ್ರೆ, ಅಥವಾ ಅಲಗಿನ ಮೇಲೆ ಹಳದಿ ಬೆವರಿನ ಹನಿ ಹಾಗೆ ಕಂಡ್ರೆ, ತುಕ್ಕು ಇನ್ನೂ ತಿನ್ತಾ ಉಂಟು ಅಂತ ಅರ್ಥ. ಸಡಿಲ ಹುಡಿಯನ್ನು ಬಿದಿರಿನ ಕಡ್ಡಿ, ಮೆತ್ತಗಿನ ಬ್ರಷ್‌ನಲ್ಲಿ ತೆಗೀರಿ, ಪೈಂಟ್ ಅಂಗಡಿಯ ಟರ್ಪೆಂಟೈನ್ ಸ್ವಲ್ಪ ಹತ್ತಿಬಟ್ಟೆಗೆ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ (ಮ್ಯೂಸಿಯಮ್ಮಿನವರು ಲೋಹಕ್ಕೆ ಹಚ್ಚುವ ಮೇಣ) ತೆಳ್ಳಗೆ ಹಚ್ಚಿ. ಅದು ಸಿಗದಿದ್ರೆ ಹೊಲಿಗೆ ಮೆಷಿನ್ನಿನ ಎಣ್ಣೆ, ತೆಳುವಾಗಿ. ತೆಂಗಿನೆಣ್ಣೆ ಬೇಡ, ಅದು ಕಮಟಿ ಹುಳಿಯಾಗ್ತದೆ, ಹಿತ್ತಾಳೆ ಹಿಡಿಗೆ ತಾಗಿದ್ರೆ ಹಸಿರು ಬರಿಸ್ತದೆ.

ಆಯುಧಪೂಜೆ ದಿನ ಹಚ್ಚಿದ ಗಂಧ ಕುಂಕುಮ ಹಾಗೇ ಒಣಗಲು ಬಿಡಬೇಡಿ. ಗಂಧದ ನೀರು ಕಬ್ಬಿಣಕ್ಕೆ ಅಂಟಿಕೊಂಡೇ ಇರ್ತದೆ, ಮರುವರ್ಷ ನೋಡುವಾಗ ಬೊಟ್ಟಿನ ಜಾಗದಲ್ಲಿ ರೂಪಾಯಿಯಷ್ಟು ಗುಳಿ. ಪೂಜೆ ಮುಗಿದ ಕೂಡಲೇ ಒರೆಸಿ, ಇಲ್ಲವಾದ್ರೆ ಬಾಳೆಲೆಯ ಮೇಲೆ ಬೊಟ್ಟಿಟ್ಟು ಎಲೆಯನ್ನು ಕತ್ತಿ ಪಕ್ಕ ಇಡಿ.

ಇಡುವ ಜಾಗವೇ ಅರ್ಧ ಕೆಲಸ. ಕಾಸರಗೋಡಿನ ಮಳೆ, ಮೇಲಿಂದ ಕಡಲಿನ ಉಪ್ಪುಗಾಳಿ, ಮಳೆಗಾಲದ ಆಟಿ ತಿಂಗಳಲ್ಲಿ ಗೋಡೆಯೇ ಬೆವರ್ತದೆ. ಅಲಗನ್ನು ಒರೆಯೊಳಗೆ ಇಡಬೇಡಿ, ಚರ್ಮ ಪಸೆ ಹಿಡಿದಿಡ್ತದೆ, ಒರೆ ಬೇರೆ ಇಡಿ, ಎರಡಕ್ಕೂ ಒಂದೇ ನಂಬರಿನ ಚೀಟಿ ಹತ್ತಿ ನೂಲಲ್ಲಿ ಕಟ್ಟಿ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಒಳಗೆ ಪಸೆ ಹೀರುವ ಸಿಲಿಕಾ ಜೆಲ್, ತೇವಾಂಶ ಅಳೆಯುವ ಚಿಕ್ಕ ಹೈಗ್ರೋಮೀಟರ್. ತೇವಾಂಶ ಶೇಕಡ 40ರ ಆಚೀಚೆ ಇದ್ರೆ ಒಳ್ಳೇದು, 60 ದಾಟಿದ್ರೆ ಜೆಲ್ ಬದಲಿಸಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದ್ರೆ ನೀರು ಕುಡಿದು ತುಂಬಿತು ಅಂತ, ಓವನಲ್ಲಿ ಸುಮಾರು 110 ಡಿಗ್ರಿಯಲ್ಲಿ ಒಣಗಿಸಿದ್ರೆ ಪುನಃ ಕಿತ್ತಳೆ ಆಗ್ತದೆ. ಪ್ಲೈವುಡ್ ಕಪಾಟು ಬೇಡ, ಅದರ ಅಂಟಿನ ಆವಿಯೂ ಲೋಹ ತಿನ್ತದೆ.

ಇನ್ನೊಂದು, ಗಲ್ಫಲ್ಲಿರುವ ಮಗನ ಮನೆಗೆ ಶೋಗೆ ಕಳಿಸ್ತೇವೆ ಅನ್ನುವವರಿಗೆ: 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಸ್ತು ಪುರಾತನ ವಸ್ತು, ಖಾಸಗಿಯವರು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಇಡಲು ಜಾಗ ಇಲ್ಲಾಂದ್ರೆ ಹತ್ತಿರದ ಮ್ಯೂಸಿಯಮ್ಮಿಗೆ ಕೊಡಿ, ಆದ್ರೆ ಬರೆದಿಟ್ಟ ಆ ಪುಸ್ತಕದ ಪುಟದ ಒಂದು ಕಾಪಿ ಕತ್ತಿಯ ಜೊತೆಯೇ ಹೋಗಲಿ, ಇನ್ನೊಂದು ಮನೆಯಲ್ಲಿರಲಿ, ಕೊಟ್ಟದ್ದಕ್ಕೆ ಅವರಿಂದ ಸೀಲ್ ಹಾಕಿದ ರಸೀದಿ ತಗೊಳ್ಳಿ.