ಪೆಟ್ಟು ಬಿದ್ದ ಮೇಲಿನ 20 ಸೆಕೆಂಡು

ಕಳೆದ ವರ್ಷ ರಾಜ್ಯಮಟ್ಟದ ಬಾಕ್ಸಿಂಗ್ ಸೆಮಿಫೈನಲ್‌ನಲ್ಲಿ ನಮ್ಮ ಹುಡುಗ ಮೊದಲ ರೌಂಡಿನಲ್ಲೇ ಎಡ ಹುಕ್ (ಪಕ್ಕದಿಂದ ಬೀಸುವ ಹೊಡೆತ) ತಿಂದು ಕುಸಿದ. ಕಾಲು ಮಡಚಿಕೊಂಡ ರೀತಿ ನೋಡಿದರೇ ಗೊತ್ತಾಗುತ್ತಿತ್ತು, ಅದು ಜಾರಿದ್ದಲ್ಲ. ಎದುರು ಕಾರ್ನರಿನವರು ಆಗಲೇ ನಗುತ್ತಿದ್ದರು. ಹುಡುಗ ಒಂದು ಮಂಡಿಯೂರಿ ನನ್ನ ಕಡೆ ನೋಡುತ್ತಾ ಕೂತ. ಕಾರ್ನರಿನಿಂದ ಕೂಗುವ ಹಾಗಿಲ್ಲವಲ್ಲ, ನಾನು ನನ್ನ ಮಂಡಿಯ ಮೇಲೆ ಕೈ ಇಟ್ಟುಕೊಂಡಿದ್ದೆ. ರೆಫರಿಯ ಎಣಿಕೆ ಏಳಕ್ಕೆ ಬರುವ ಹೊತ್ತಿಗೆ ಕೈ ತೆಗೆದೆ, ಎದ್ದ. ಆಮೇಲೆ 20 ಸೆಕೆಂಡು ಏನು ಮಾಡಿದ ಅಂತ ಅವನಿಗೆ ಇವತ್ತಿಗೂ ನೆನಪಿಲ್ಲ. ಬೌಟ್ ಮಾತ್ರ ಗೆದ್ದ, ಐವರು ಜಡ್ಜ್‌ಗಳಲ್ಲಿ 4-1.

ಬಿದ್ದ ಮೇಲೆ ಆ 20 ಸೆಕೆಂಡು ದಾಟುವುದನ್ನು ಮೂರು ವರ್ಷದಿಂದ ಕಲಿಸುತ್ತಿದ್ದೇನೆ ಅಂದರೆ ಶಿವಮೊಗ್ಗದ ಹಿರಿಯರೆಲ್ಲ ನಗುತ್ತಿದ್ದರು. ‘ಹೊಡೆಯೋದು ಕಲಿಸೋ ಮಾರಾಯ, ಬೀಳೋದು ತಾನಾಗೇ ಬರುತ್ತೆ’ ಎಂದರು ಗರಡಿಯ ಉಸ್ತಾದರು. ನನಗೆ ಬಂದಿರಲಿಲ್ಲ. 19ನೇ ವಯಸ್ಸಿನಲ್ಲಿ ಜಿಲ್ಲಾ ಫೈನಲ್‌ನಲ್ಲಿ ಬಿದ್ದೆ, ಮಾನ ಹೋಯಿತಲ್ಲ ಅಂತ ಎರಡಕ್ಕೇ ಎದ್ದೆ, ‘ನಾನು ಸರಿಯಿದ್ದೀನಿ ಸರ್’ ಅಂದೆ. ರೆಫರಿ ಎಂಟರವರೆಗೆ ಎಣಿಸಿ ಬಿಟ್ಟ ಮೇಲೆ ಐದು ಸೆಕೆಂಡು ನಿಂತಿದ್ದರೆ ಹೆಚ್ಚು. ದವಡೆಗೆ ತಂತಿ ಬಿಗಿಸಿಕೊಂಡು ತಿಂಗಳಾನುಗಟ್ಟಲೆ ಗಂಜಿ ಕುಡಿದೆ.

ಚಾಂಪಿಯನ್ನರ ಹಳೇ ವಿಡಿಯೊಗಳನ್ನು ರಾತ್ರಿ ಕೂತು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. 1958ರಲ್ಲಿ ಮಾಂಟ್ರಿಯಲ್‌ನಲ್ಲಿ ಆರ್ಚಿ ಮೂರ್ ಮೊದಲ ರೌಂಡಿನಲ್ಲೇ ಮೂರು ಸಲ ಬಿದ್ದ, ಐದರಲ್ಲಿ ಮತ್ತೊಂದು ಸಲ, ಹನ್ನೊಂದರಲ್ಲಿ ಎದುರಾಳಿ ಡ್ಯುರೆಲ್‌ನನ್ನೇ ಮಲಗಿಸಿದ. 1979ರಲ್ಲಿ ಲ್ಯಾರಿ ಹೋಮ್ಸ್‌ಗೆ ಶೇವರ್ಸ್ ಏಳನೇ ರೌಂಡಿನಲ್ಲಿ ಕೊಟ್ಟ ಬಲಗೈ ನೋಡಿದರೆ ನಮಗೇ ದವಡೆ ನೋಯುತ್ತದೆ, ಹೋಮ್ಸ್ ಕೂಡ ಎದ್ದು ಹನ್ನೊಂದರಲ್ಲೇ ಮುಗಿಸಿದ. 2018ರಲ್ಲಿ ಫ್ಯೂರಿ ಕೊನೇ ರೌಂಡಿನಲ್ಲಿ ಹೆಣದ ಹಾಗೆ ಬಿದ್ದಿದ್ದ. ಒಂಬತ್ತಕ್ಕೆ ಎದ್ದ, ಅಪ್ಪಿ ಹಿಡಿದ, ಸುತ್ತಿದ, ಅದೇ ರೌಂಡಿನಲ್ಲಿ ವೈಲ್ಡರ್‌ಗೆ ತಿರುಗಿ ಹೊಡೆದ. ಜನ ಇದಕ್ಕೆಲ್ಲ ಗುಂಡಿಗೆ ಅನ್ನುತ್ತಾರೆ. ನನಗೆ ಕಂಡದ್ದು ರೂಢಿ. ತಲೆ ಕೆಲಸ ಬಿಟ್ಟಾಗ ಕೈಕಾಲು ಹಳೇ ಪಾಠ ಒಪ್ಪಿಸುತ್ತಿತ್ತು.

ಒಂದು ಕಷ್ಟ ಇತ್ತು. 2017ರಲ್ಲಿ ಕ್ಲಿಚ್ಕೊ ಕೈಲಿ ಆರನೇ ರೌಂಡಿನಲ್ಲಿ ಬಿದ್ದ ಜೋಶುವಾಗೆ ಸುಧಾರಿಸಿಕೊಳ್ಳಲು ಮೂರ್ನಾಲ್ಕು ರೌಂಡು ಸಿಕ್ಕಿತು. ನಮ್ಮ ಹುಡುಗರಿಗೆ ಒಟ್ಟು ಇರುವುದೇ ಮೂರು ರೌಂಡು, ಒಂಬತ್ತು ನಿಮಿಷ. ಎರಡು ಸಲ ತಬ್ಬಿದರೆ ರೆಫರಿ ವಾರ್ನಿಂಗ್ ಕೊಡುತ್ತಾನೆ.

ಇದನ್ನು ಕಲಿಸಲು ಹೊರಟಾಗಿನ ಮೊದಲ ದಡ್ಡತನ: ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರಗಿರ ತಿರುಗಿಸಿ ಸ್ಪಾರಿಂಗ್‌ಗೆ (ಅಭ್ಯಾಸದ ಬೌಟ್‌ಗೆ) ಬಿಟ್ಟೆ. ಒಬ್ಬ ನನ್ನ ಶೂ ಮೇಲೇ ವಾಂತಿ ಮಾಡಿದ. ತಲೆ ಸುತ್ತುವುದೇ ಬೇರೆ, ಗಲ್ಲಕ್ಕೆ ಬಿದ್ದು ಕಾಲು ಸೋಲುವುದೇ ಬೇರೆ. ನನ್ನ ಎರಡನೇ ಪ್ರಯತ್ನ ದಡ್ಡತನವಲ್ಲ, ತಪ್ಪು. ಹೆಡ್‌ಗಾರ್ಡ್ ಇದೆಯಲ್ಲ ಅಂತ ನಿಜವಾಗಿಯೇ ಜೋರಾಗಿ ಹೊಡೆಸಿದೆ. ಹೆಡ್‌ಗಾರ್ಡ್ ಹುಬ್ಬು ಹರಿಯುವುದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಒಬ್ಬ ಹುಡುಗನಿಗೆ ವಾರ ತಲೆನೋವು. ಸ್ಕ್ಯಾನ್, ಔಷಧಿ ಅಂತ ಆರೇಳು ಸಾವಿರ ಕೈಬಿಟ್ಟಿತು. ಅವನ ತಾಯಿ ಒಂದು ಮಾತೂ ಆಡದೆ ನನ್ನ ಮುಖ ನೋಡಿದರು. ಅವತ್ತಿನಿಂದ ಈ ಪಾಠದಲ್ಲಿ ತಲೆಗೆ ಒಂದು ಪೆಟ್ಟೂ ಇಲ್ಲ.

ಕುಸ್ತಿಯವರಿಂದ ಹಿಡಿತ ಕಲಿಸಿದ್ದೂ ಕೈಕೊಟ್ಟಿತು. ಪೈಲ್ವಾನರ ಹಿಡಿತ ಅಂದರೆ ಬಿಡುವುದಿಲ್ಲ, ನಮ್ಮಲ್ಲಿ ಬಿಡುವುದೇ ಮುಖ್ಯ. ಆ ವರ್ಷ ಒಬ್ಬ ವಾರ್ನಿಂಗ್‌ಗಳಲ್ಲೇ ಸೋತ.

ನಡುವೆ ಒಂದು ವಿಷಯ. ಪಂಚಿಂಗ್ ಬ್ಯಾಗಿಗೆ ಚಿಂದಿ ಬಟ್ಟೆ ಸಾಲದೆ ಅಡಿಕೆ ಸಿಪ್ಪೆ ತುಂಬಿದ್ದೆ. ಬೇಸಿಗೆಯಲ್ಲಿ ಚೆನ್ನಾಗೇ ಇತ್ತು. ಆಷಾಢದಲ್ಲಿ ಬೂಸಲು ಬಂದು ನಾವು ಪ್ರಾಕ್ಟೀಸ್ ಮಾಡುವ ಶೆಡ್ಡಿನ ಓನರ್ ಮೂಗು ಮುಚ್ಚಿಕೊಂಡು ಬಂದರು. ಬಾಡಿಗೆ 4,500 ಕೊಡುವವನು ವಾದ ಮಾಡುವ ಹಾಗಿಲ್ಲ. ಆದರೆ ಅಡಿಕೆಯಿಂದಲೇ ಇನ್ನೊಂದು ಸಿಕ್ಕಿತು. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ, ಅಪ್ಪ ಕೊನೆಗಾರ (ಮರದಿಂದ ಅಡಿಕೆ ಗೊನೆ ಇಳಿಸುವವನು), ಇವನೂ ಮರ ಹತ್ತುವವನು. ಎದುರಾಳಿಯ ತೋಳಿಗೆ ತೋಳು ಹಾಕಿದರೆ ಮರ ತಬ್ಬಿದಷ್ಟೇ ಹಗುರ, ಬೇಕಾದಾಗ ಬಿಗಿ. ಪೇಟೆ ಹುಡುಗರನ್ನೂ ತೋಟಕ್ಕೆ ಕಳಿಸಿದೆ. ಒಬ್ಬ ಜಾರಿ ಎದೆಯ ಚರ್ಮ ಕಿತ್ತುಕೊಂಡು ಬಂದ, ಅಲ್ಲಿಗೆ ನಿಲ್ಲಿಸಿದೆ.

ಕೊನೆಗೆ ಗೆದ್ದದ್ದು ಮೆಟ್ಟಿಲು. ನೆಹರೂ ಸ್ಟೇಡಿಯಂ ಗ್ಯಾಲರಿ ಮೆಟ್ಟಿಲನ್ನು ಹನ್ನೆರಡೋ ಹದಿನಾಲ್ಕೋ ಸಲ ಹತ್ತಿಸುತ್ತೇನೆ, ತೊಡೆ ತಾನೇ ನಡುಗುವವರೆಗೆ. ಅಲ್ಲೇ ಗ್ಲೌಸ್, 16 ಔನ್ಸ್. ಚಪ್ಪಾಳೆ ಹೊಡೆದರೆ ಮಂಡಿಯೂರಬೇಕು. ಕಣ್ಣು ನನ್ನ ಮೇಲೆ, ಮೂಗಿನಿಂದ ಎರಡು ದೀರ್ಘ ಉಸಿರು, ಏಳಕ್ಕೆ ಏಳಬೇಕು. ಎದ್ದ ಕೂಡಲೇ ಸುಸ್ತಾಗದ ಇನ್ನೊಬ್ಬ ಮೇಲೆ ಬೀಳುತ್ತಾನೆ, 20 ಸೆಕೆಂಡು, ತೋಳಿಗೆ ಮತ್ತು ಮೈಗೆ ಮಾತ್ರ, ಅದೂ ಮುಟ್ಟುವಷ್ಟು. ನೆಟ್ಟಗೆ ಹಿಂದಕ್ಕೆ ಹೋದರೆ ಹತ್ತು ಬಸ್ಕಿ. ಗಲ್ಲ ಇಳಿಸಿ, ಒಂದು ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಎಸೆದು ಅದರ ಹಿಂದೆಯೇ ಒಳಗೆ ನುಗ್ಗಬೇಕು. ಬರೀ ತಬ್ಬಿದರೆ ವಾರ್ನಿಂಗ್. ಹೊಡೆದ ವೇಗಕ್ಕೆ ಮೈ ತಾಗಿದಂತೆ ಕಂಡರೆ ರೆಫರಿ ಬರೀ ‘ಬ್ರೇಕ್’, ಅಂದರೆ ಬಿಡಿಸಿಕೊಳ್ಳಿ, ಅನ್ನುತ್ತಾನೆ. ಹಣೆ ಅವನ ಭುಜಕ್ಕೆ, ನಮ್ಮ ಕೈ ಅವನ ಮೊಣಕೈ ಮೇಲೆ, ಎರಡು ಸೆಕೆಂಡು. ‘ಬ್ರೇಕ್’ ಅಂದಾಗ ಕೈ ಮೇಲಿಟ್ಟೇ ಬಿಡಬೇಕು, ಬಿಟ್ಟು ಅವನ ಜೋರಿನ ಕೈಯಿಂದ ದೂರ ಸುತ್ತಬೇಕು. ವಾರಕ್ಕೆ ಎರಡು ದಿನ, ದಿನಕ್ಕೆ ಐದಾರು ಸಲ. ಸುಮಾರು ನಾಲ್ಕು ತಿಂಗಳಿಗೆ ಯೋಚಿಸದೆ ಮಾಡತೊಡಗಿದರು. ಎರಡನೇ ‘ಬ್ರೇಕ್’ ಆದಮೇಲೆ ಏನು ಮಾಡಿಸುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷವೂ ಇದೇ ಹುಡುಗರು ಆಡಬೇಕು.

ಲಿವರ್ ಮೇಲೆ ಪೆಟ್ಟು ಬಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ಬಲಪಕ್ಕೆಗೆ ಬಿದ್ದು, ಒಂದು ಕ್ಷಣ ತಡೆದು ನೋವು ಬರುತ್ತದಲ್ಲ, ಅದಕ್ಕೆ ಮಂಡಿ, ಉಸಿರು, ಅಷ್ಟೇ.

ರೌಂಡಿನ ನಡುವೆ ನಾನು ಮೂರು ಪ್ರಶ್ನೆ ಕೇಳುತ್ತೇನೆ, ಒಂದಕ್ಕೆ ತಪ್ಪಿದರೂ ಟವೆಲ್ ಎಸೆದು ಬೌಟ್ ನಿಲ್ಲಿಸುತ್ತೇನೆ. ಈ ಜನವರಿಯಲ್ಲಿ ಪಾಯಿಂಟ್‌ನಲ್ಲಿ ಮುಂದಿದ್ದ ಹುಡುಗನನ್ನೇ ಎಳೆದುಕೊಂಡೆ, ಎದುರಾಳಿ ಯಾವ ಬಣ್ಣದ ಬನಿಯನ್ ಹಾಕಿದ್ದಾನೆ ಅಂದರೆ ತನ್ನದೇ ಬಣ್ಣ ಹೇಳಿದ. ಅವನಪ್ಪ ಇನ್ನೂ ನನ್ನ ಹತ್ತಿರ ಮಾತಾಡಿಲ್ಲ.

ಸೆಮಿಫೈನಲ್ ಗೆದ್ದವನು ಫೈನಲ್ ಆಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಬೆಳಕು ಚುಚ್ಚುತ್ತದೆ ಅಂದ, ಬೆಳಿಗ್ಗೆ ನಾನೇ ಹೆಸರು ಹಿಂದಕ್ಕೆ ತೆಗೆದುಕೊಂಡೆ. ಬೆಳ್ಳಿ ಬಂತು. ಉಸ್ತಾದರು ತಮ್ಮ ಮೊಮ್ಮಗನನ್ನು ಕಳಿಸಿದ್ದಾರೆ, ಫೀಸು ಮಾತ್ರ ಇನ್ನೂ ಕೊಟ್ಟಿಲ್ಲ. ಈಗಿನ ತಲೆನೋವು ಮಳೆ. ಜೂನ್ ಬಂದರೆ ಗ್ಯಾಲರಿ ಮೆಟ್ಟಿಲಿಗೆ ಪಾಚಿ, ಶೆಡ್ಡಿನೊಳಗೆ ಮರಳು ಮೂಟೆ ಹೊರಿಸಿದರೆ ತೊಡೆಗಿಂತ ಮೊದಲು ಬೆನ್ನು ಸೋಲುತ್ತದೆ. ಹಳೇ ಸೈಕಲ್ ಎರಡು 1,800ಕ್ಕೆ ತಂದು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದೇನೆ, ಹಿಂದಿನ ಚಕ್ರಕ್ಕೆ ಟ್ಯೂಬ್ ಬಿಗಿದು ನೋಡಬೇಕು.