ಕುದುರೆ ಜೊತೆ ಬದುಕಲು ಸಣ್ಣ ಊರು ಹುಡುಕುವಾಗ

ಕುದುರೆ ಕಟ್ಟಿಕೊಂಡು ಸಣ್ಣ ಊರಿನಲ್ಲಿ ನೆಲೆಸಬೇಕು ಅನ್ನುವವರು ಸಾಮಾನ್ಯವಾಗಿ ಮೊದಲು ಮನೆ ನೋಡುತ್ತಾರೆ, ಆಮೇಲೆ ಸುತ್ತಲಿನ ಬೆಟ್ಟ, ಹಸಿರು. ನಾನು ಯಾವ ಊರಿಗೆ ಹೋದರೂ ಮೊದಲು ಕೇಳುವುದು ಒಂದೇ ಮಾತು: ಇಲ್ಲಿ ಲಾಳ ಕಟ್ಟುವವರು ಯಾರು, ಅವರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ?

ಕುದುರೆಯ ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಲಾಳ ಇರಲಿ, ಬಿಡಲಿ, 6ರಿಂದ 8 ವಾರಕ್ಕೊಮ್ಮೆ ಅದನ್ನು ಕತ್ತರಿಸಿ ಸರಿಮಾಡಲೇಬೇಕು. ಒಂದೇ ಒಂದು ಕುದುರೆಗಾಗಿ ದೂರದಿಂದ ಯಾರೂ ತಪ್ಪದೆ ಬರುವುದಿಲ್ಲ. ಹತ್ತಿಪ್ಪತ್ತು ಕುದುರೆ ಇರುವ ಊರಾದರೆ ಅವರಿಗೂ ದಿನವಿಡೀ ಕೆಲಸ ಸಿಗುತ್ತದೆ, ಬರುತ್ತಾರೆ. ಹಾಗಾಗಿ ಆಗಲೇ ಕುದುರೆ ಸಾಕುವವರು ಇರುವ ಊರನ್ನೇ ಆರಿಸಿ. ಊರಿಗೆ ಮೊದಲ ಕುದುರೆ ನಮ್ಮದೇ ಆಗಲಿ ಅನ್ನುವುದು ಕೇಳಲು ಚೆಂದ. ಕುದುರೆಗೆ ಮಾತ್ರ ಅದು ಕಷ್ಟ.

ಎರಡನೆಯದು ಡಾಕ್ಟರು. ದನ, ನಾಯಿ ನೋಡುವ ಪಶುವೈದ್ಯರು ಎಲ್ಲ ಕಡೆ ಸಿಗಬಹುದು, ಕುದುರೆಯಲ್ಲಿ ಕೈ ಪಳಗಿದವರು ಕಡಿಮೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆನೋವು, ಅಂದರೆ ಕೋಲಿಕ್, ಶುರುವಾಗಿ ಕರುಳು ತಿರುಚಿಕೊಂಡರೆ ನಮ್ಮ ಕೈಯಲ್ಲಿ ಇರುವುದು ಕೆಲವೇ ಗಂಟೆ. ಆದ್ದರಿಂದ ಡಾಕ್ಟರ ಹತ್ತಿರವೇ ನೇರವಾಗಿ ಕೇಳಿ: ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಕುದುರೆಗೆ ಆಪರೇಷನ್ ಮಾಡುವ ಆಸ್ಪತ್ರೆ ಎಲ್ಲಿದೆ? ಆ ದಾರಿಯಲ್ಲಿ ಒಮ್ಮೆ ನೀವೇ ಹೋಗಿ ನೋಡಿ. ಕುದುರೆ ಹತ್ತಿಸಿಕೊಂಡ ಟ್ರೈಲರ್ ಕಾರಿನಷ್ಟು ಬೇಗ ಹೋಗುವುದಿಲ್ಲ, ನೆನಪಿರಲಿ. ಎರಡು ಗಂಟೆಗಿಂತ ದೂರ ಇದ್ದರೆ, ಜಾಗ ಎಷ್ಟೇ ಚೆನ್ನಾಗಿರಲಿ, ನಾನು ಆ ಊರನ್ನು ಪಟ್ಟಿಯಿಂದ ತೆಗೆದುಹಾಕುತ್ತೇನೆ.

ಇನ್ನು ನೆಲ. ಇದನ್ನು ಸುಮ್ನೆ ಫೋಟೋದಲ್ಲಿ ನೋಡಿ ತೀರ್ಮಾನಿಸಬೇಡಿ. ಆ ಊರಿನ ಅತಿ ಕೆಟ್ಟ ಕಾಲದಲ್ಲಿ ಹೋಗಿ, ಜೋರು ಮಳೆ ಬಂದ ಮಾರನೆಯ ದಿನ ಹೊಲದ ಗೇಟಿನ ಹತ್ತಿರ ನಿಂತುಕೊಳ್ಳಿ. ಕುದುರೆಗಳು ಗುಂಪುಗೂಡುವ ಜಾಗ ಅದೇ, ಮೊದಲು ಕೆಸರಾಗುವುದೂ ಅದೇ. ಸದಾ ಒದ್ದೆ ನೆಲದಲ್ಲಿ ನಿಂತರೆ ಗೊರಸಿನ ಅಡಿ ಕೊಳೆಯುತ್ತದೆ. ಹಾಗಂತ ಬರೀ ಮರಳು ನೆಲವೂ ಬೇಡ. ಹುಲ್ಲಿನ ಜೊತೆ ಮರಳು ಹೊಟ್ಟೆಗೆ ಹೋಗಿ ಕರುಳಲ್ಲಿ ತಳ ಸೇರಿ, ಅದರಿಂದಲೂ ಕೋಲಿಕ್ ಬರುತ್ತದೆ. ನೀರು ಇಂಗುವ, ಸ್ವಲ್ಪ ಇಳಿಜಾರಿರುವ ಗಟ್ಟಿ ಮಣ್ಣು ಒಳ್ಳೆಯದು.

ಹಸಿರಿನ ಬಗ್ಗೆಯೂ ಒಂದು ಮಾತು. ದಟ್ಟವಾಗಿ ಬೆಳೆದ, ಸಕ್ಕರೆ ಅಂಶ ಜಾಸ್ತಿ ಇರುವ ಹುಲ್ಲು ಎಷ್ಟೋ ಕುದುರೆಗಳಿಗೆ ಅಪಾಯ. ಗೊರಸಿನ ಒಳಪದರ ಊದಿಕೊಳ್ಳುವ ಲ್ಯಾಮಿನೈಟಿಸ್ ಅದರಿಂದ ಬರುತ್ತದೆ. ನನ್ನ ವಯಸ್ಸಾದ ಹೆಣ್ಣು ಕುದುರೆಗೆ ಆ ಕಾಟ ಇದೆ. ಅವಳು ನೋವಿನಲ್ಲಿ ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಲ್ಲುವುದನ್ನು ನೋಡಿದವಳು ನಾನು. ಅದಕ್ಕೇ ತೆಳ್ಳಗೆ ಹುಲ್ಲಿರುವ ಜಾಗ, ಪಕ್ಕದಲ್ಲಿ ಹುಲ್ಲೇ ಇಲ್ಲದ ಒಣ ಅಂಗಳ ಕಂಡರೆ ನನಗೆ ಖುಷಿ. ಬೇಲಿ ಸುತ್ತ ಕಣಗಿಲೆಯಂಥ ವಿಷದ ಗಿಡ ಇದೆಯಾ ಅಂತಲೂ ನೋಡಿ. ಮುಳ್ಳುತಂತಿ ಇದ್ದರೆ ಕುದುರೆ ತರುವ ಮೊದಲೇ ಕಿತ್ತು ಹಾಕಿಸಿ.

ಮೇವಿನ ಲೆಕ್ಕ ಕಾಗದದ ಮೇಲೆ ಬರೆಯಿರಿ. 500 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕೆ.ಜಿ. ಒಣಹುಲ್ಲು ಬೇಕು. ಎರಡು ಕುದುರೆ ಅಂದರೆ ವರ್ಷಕ್ಕೆ ಆರೇಳು ಟನ್. ಮೇಯಲು ಹುಲ್ಲು ಸಿಕ್ಕರೆ ಇದು ಕಡಿಮೆಯಾಗುತ್ತದೆ, ಆದರೆ ಮೇವಿಗಾಗಿ ಹೊಲವನ್ನೇ ನಂಬಬೇಕಾದರೆ ಒಂದು ಕುದುರೆಗೆ ಒಂದರಿಂದ ಎರಡು ಎಕರೆಯಾದರೂ ಇರಬೇಕು. ಹತ್ತಿರದಲ್ಲಿ ಹುಲ್ಲು ಬೆಳೆಯುವ ರೈತರು ಇದ್ದಾರಾ, ಬರಗಾಲದಲ್ಲಿ ಅವರು ಮೊದಲು ಯಾರಿಗೆ ಕೊಡುತ್ತಾರೆ, ಲಾರಿ ಅಂಗಳದವರೆಗೂ ಬರುತ್ತದಾ? ಹುಲ್ಲಿನ ಕೊಟ್ಟಿಗೆ ಲಾಯದಿಂದ ದೂರ ಇರಲಿ. ಸರಿಯಾಗಿ ಒಣಗದ ಹುಲ್ಲು ಒಳಗೊಳಗೇ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳುತ್ತದೆ. ನೀರು ಒಂದು ಕುದುರೆಗೆ ದಿನಕ್ಕೆ 25ರಿಂದ 50 ಲೀಟರ್, ಸೆಖೆಯಲ್ಲಿ ಅದಕ್ಕಿಂತ ಜಾಸ್ತಿ. ಬಾವಿ ಬೇಸಿಗೆಯಲ್ಲಿ ಬತ್ತುತ್ತದೋ ಇಲ್ಲವೋ ಅಂತ ಮಾರುವವರನ್ನಲ್ಲ, ಅಕ್ಕಪಕ್ಕದವರನ್ನು ಕೇಳಿ.

ಲದ್ದಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಕುದುರೆ ದಿನಕ್ಕೆ 20 ಕೆ.ಜಿ.ಗೂ ಹೆಚ್ಚು ಹಾಕುತ್ತದೆ. ತೋಟಕ್ಕೆ ಗೊಬ್ಬರ ಅಂತ ಒಯ್ಯುವವರು ಊರಿನಲ್ಲಿ ಇದ್ದರೆ ನೆಮ್ಮದಿ. ಇಲ್ಲದಿದ್ದರೆ ನೊಣ, ವಾಸನೆ, ನೆರೆಹೊರೆಯವರ ಜಗಳ.

ಕಾನೂನಿನ ವಿಷಯದಲ್ಲಿ ಬಾಯಿಮಾತು ನಂಬಬೇಡಿ. ಆ ಜಾಗದಲ್ಲಿ ಕುದುರೆ ಸಾಕಬಹುದಾ, ಎಷ್ಟು, ಲಾಯವನ್ನು ಗಡಿಯಿಂದ ಎಷ್ಟು ದೂರ ಕಟ್ಟಬೇಕು, ಎಲ್ಲವನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಸವಾರಿಯ ದಾರಿಗೂ ಇದೇ ಮಾತು. ಅದು ಸಾರ್ವಜನಿಕ ಹಕ್ಕಿನ ದಾರಿಯೋ, ಯಾರೋ ಜಮೀನಿನವರು ಪ್ರೀತಿಯಿಂದ ಬಿಟ್ಟಿದ್ದೋ? ಜಮೀನು ಕೈ ಬದಲಾಯಿಸಿದ ದಿನ ಎರಡನೆಯದು ಮುಚ್ಚಿಹೋಗಬಹುದು. ಗೇಟಿನಿಂದಲೇ ಜೀನು ಹಾಕಿ ಹೊರಡಲು ಆಗಬೇಕು. ಪ್ರತಿ ಸವಾರಿಗೂ ಟ್ರೈಲರ್ ಕಟ್ಟಬೇಕಾದರೆ ಸವಾರಿ ತಾನಾಗಿಯೇ ಕಡಿಮೆಯಾಗುತ್ತದೆ, ಅಲ್ವಾ? ಸಂಜೆ ಹೊತ್ತು ರಸ್ತೆ ಬದಿಯಲ್ಲಿ ನಿಂತು ಲಾರಿಗಳ ಓಡಾಟವನ್ನೂ ನೋಡಿ.

ಹವೆಯಲ್ಲಿ ಚಳಿಗಿಂತ ತೇವದ ಸೆಖೆಗೆ ಹೆದರಿ. ಬೆವರು ಆರದಿದ್ದರೆ ಕುದುರೆಯ ಮೈ ತಣಿಯುವುದಿಲ್ಲ. ಜವುಗು ನೆಲ ಹತ್ತಿರ ಇದ್ದರೆ ಮುಸ್ಸಂಜೆ ಸಣ್ಣ ನೊಣಗಳು ಕಚ್ಚಿ, ತುರಿಕೆಯಿಂದ ಕೇಸರವನ್ನೇ ಉಜ್ಜಿ ಉದುರಿಸಿಕೊಳ್ಳುವ ಕುದುರೆಗಳಿವೆ. ಕಾಡ್ಗಿಚ್ಚು, ನೆರೆ ಬರುವ ಕಡೆ ಊರಿನಿಂದ ಹೊರಬರಲು ಎರಡು ದಾರಿ ಇರಲೇಬೇಕು.

ಇಷ್ಟೆಲ್ಲ ಸರಿ ಕಂಡರೂ ಕೂಡಲೇ ಜಾಗ ಕೊಳ್ಳಬೇಡಿ. ಬಾಡಿಗೆ ಮನೆ ಹಿಡಿಯಿರಿ, ಕುದುರೆಯನ್ನು ಅಲ್ಲಿನ ಯಾರಾದರೂ ಒಳ್ಳೆಯವರ ಲಾಯದಲ್ಲಿ ಬಿಡಿ. ಬೇರೆ ಕುದುರೆಗಳ ಜೊತೆಯೂ ಸಿಗುತ್ತದೆ. ಕುದುರೆ ಗುಂಪಿನ ಪ್ರಾಣಿ, ಒಂಟಿಯಾಗಿ ಇಟ್ಟರೆ ಕೊರಗುತ್ತದೆ. ಆದರೆ ಮೊದಲ ಎರಡು ಮೂರು ವಾರ ಬೇರೆಯವುಗಳ ಮೂಗಿಗೆ ಮೂಗು ತಾಗದಷ್ಟು ದೂರ, ಕಣ್ಣಿಗೆ ಕಾಣುವ ಹಾಗೆ ಕಟ್ಟಿ, ಸೋಂಕು ಹರಡದಿರಲಿ. ಹೊರಡುವಾಗ ಹಳೆಯ ಜಾಗದ ಒಣಹುಲ್ಲನ್ನು ಹತ್ತು ದಿನಕ್ಕಾಗುವಷ್ಟು ಜೊತೆಗೆ ಒಯ್ಯಿರಿ. ಹೊಸ ಹುಲ್ಲನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋಗಿ. ಮೇವು ಒಮ್ಮೆಲೇ ಬದಲಾದರೂ ಕೋಲಿಕ್ ಬರುತ್ತದೆ.